ಕೆಂಪಿಯ ಹೊಟ್ಟೆಯ ಗಂಟು

ನಮ್ಮ ನಾಟಿ ನಾಯಿ ಕೆಂಪಿಗೆ ಒಂಬತ್ತು ವರ್ಷವಾಗಿದ್ದಾಗ, ಒಂದು ದಿನ ಮೈ ತೊಳೆಯುವ ಹೊತ್ತಿನಲ್ಲಿ ಎಡಸಾಲಿನ ಕೊನೆಯ ಮೊಲೆಯ ಬಳಿ ಕಡಲೆಕಾಳಿನಷ್ಟು ಗಟ್ಟಿಯಾದ ಗಂಟೊಂದು ನನ್ನ ಬೆರಳಿಗೆ ತಾಕಿತು. ಬೆದೆ ಕಳೆದು ಎರಡು ತಿಂಗಳಾಗುವಾಗ ಬಸಿರಿಲ್ಲದಿದ್ದರೂ ಅವಳ ಮೊಲೆಗಳು ಹಾಲುಬಿಟ್ಟುಕೊಳ್ಳುವುದು ಮೊದಲಿನಿಂದಲೂ ಇದ್ದುದರಿಂದ, ಇದೂ ಹಾಲಿನ ಗಂಟೇ ಎಂದು ನಾನಾಗಿಯೇ ತೀರ್ಮಾನಿಸಿ, ಅರಿಸಿನ ಹಚ್ಚುತ್ತಾ ಮೂರು ತಿಂಗಳು ಕಳೆದೆ. ಅಷ್ಟರಲ್ಲಿ ಗಂಟು ನಿಂಬೆಹಣ್ಣಿನ ಗಾತ್ರಕ್ಕೆ ಬಂದಿತ್ತು. ಆ ಮೂರು ತಿಂಗಳಿಗಾಗಿ ನಾನು ಇಂದಿಗೂ ಮರುಗುತ್ತೇನೆ; ಏಕೆಂದರೆ ಮೂರು ಸೆಂಟಿಮೀಟರಿಗಿಂತ ಚಿಕ್ಕದಿರುವಾಗಲೇ ತೆಗೆಸಿದ ಗಡ್ಡೆಗಳಲ್ಲಿ ನಾಯಿ ಉಳಿಯುವ ಸಾಧ್ಯತೆ ಹೆಚ್ಚು ಎಂಬುದು ಆಮೇಲೆ ತಿಳಿಯಿತು.

ವೈದ್ಯರು ಅಳೆದಾಗ ಗಡ್ಡೆ ನಾಲ್ಕು ಸೆಂಟಿಮೀಟರ್ ಇತ್ತು. ಅವರು ಉಳಿದ ಮೊಲೆಗಳನ್ನೂ ತೊಡೆಸಂದಿನ ದುಗ್ಧರಸ ಗ್ರಂಥಿಯನ್ನೂ (ಲಿಂಫ್ ನೋಡ್) ಒತ್ತಿ ನೋಡಿ, ರಕ್ತಪರೀಕ್ಷೆಗೂ ಎದೆಯ ಎಕ್ಸ್‌ರೇಗೂ ಬರೆದುಕೊಟ್ಟರು. ಹೆಣ್ಣುನಾಯಿಗಳ ಮೊಲೆಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಕ್ಯಾನ್ಸರ್ ಆಗಿರುತ್ತವೆ, ಆದರೆ ಸೂಜಿ ಚುಚ್ಚಿ ತೆಗೆದ ಮಾದರಿಯಿಂದ ಅದನ್ನು ಖಚಿತವಾಗಿ ಹೇಳಲಾಗದು, ಇಡೀ ಗಡ್ಡೆಯನ್ನು ತೆಗೆದು ಬಯಾಪ್ಸಿಗೆ ಕಳಿಸಿದಾಗಲೇ ಉತ್ತರ ಸಿಗುವುದು ಎಂದರು. ಶ್ವಾಸಕೋಶದಲ್ಲಿ ರೋಗ ಹರಡಿದ ಚುಕ್ಕೆಗಳಿಲ್ಲ ಎಂದು ಎಕ್ಸ್‌ರೇ ತೋರಿಸಿದ ಮೇಲೆಯೇ ನಾನು ಶಸ್ತ್ರಚಿಕಿತ್ಸೆಗೆ ಒಪ್ಪಿದೆ. "ಈ ವಯಸ್ಸಿನಲ್ಲಿ ಅದಕ್ಕೆ ಕೊಯ್ಯೋದು ಬೇಕೇನಪ್ಪಾ?" ಎಂದು ಅಮ್ಮ ಕೇಳಿದ ಪ್ರಶ್ನೆಯನ್ನೇ ವೈದ್ಯರ ಮುಂದಿಟ್ಟಾಗ ಅವರು, ಅರಿವಳಿಕೆಗೆ ವಯಸ್ಸಿಗಿಂತ ಹೃದಯ, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ ಮುಖ್ಯವೆಂದು ವಿವರಿಸಿದರು.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಿಂದ ಕೆಂಪಿಗೆ ಊಟವಿರಲಿಲ್ಲ. ಎಡಗಡೆಯ ಕೊನೆಯ ಎರಡು ಮೊಲೆಗಳನ್ನೂ, ಅವುಗಳ ದುಗ್ಧರಸ ಹರಿದು ಸೇರುವ ತೊಡೆಸಂದಿನ ಗ್ರಂಥಿಯನ್ನೂ ಒಟ್ಟಿಗೆ ತೆಗೆದು, ಮುಂದೆ ಗರ್ಭಕೋಶದಲ್ಲಿ ಕೀವು ತುಂಬುವ ಭಯವೂ ಇರದಂತೆ ಗರ್ಭಕೋಶ ಮತ್ತು ಅಂಡಾಶಯಗಳನ್ನೂ ಅದೇ ವೇಳೆಯಲ್ಲಿ ತೆಗೆದರು. ಫಾರ್ಮಲಿನ್‌ನಲ್ಲಿ ಮುಳುಗಿಸಿದ ಗಡ್ಡೆಯ ಡಬ್ಬಿಯನ್ನು ನಾನೇ ಪ್ರಯೋಗಾಲಯಕ್ಕೆ ಒಯ್ದೆ. ಬಯಾಪ್ಸಿಗೆ ಮತ್ತೆ ದುಡ್ಡೇಕೆ ಎಂದು ಬಿಡುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಬಿಡಬೇಡಿ, ಮುಂದಿನ ಚಿಕಿತ್ಸೆಯೆಲ್ಲ ಆ ವರದಿಯನ್ನೇ ಆಧರಿಸಿರುತ್ತದೆ.

ಮನೆಯ ಆರೈಕೆ ನಾನು ಎಣಿಸಿದ್ದಕ್ಕಿಂತ ಕಷ್ಟವಾಯಿತು. ತೊಡೆಸಂದಿನಲ್ಲಿ ಚರ್ಮ ಬಿಗಿದಿದ್ದರಿಂದ ಕೆಂಪಿ ಬೆನ್ನು ಬಗ್ಗಿಸಿಕೊಂಡು ನಡೆಯುತ್ತಿದ್ದಳು. ಮೂರನೆಯ ದಿನ ಹೊಲಿಗೆಯ ಕೆಳಗೆ ನೀರು ತುಂಬಿ ಮೆತ್ತಗೆ ಉಬ್ಬಿದಾಗ ನಂಜೇರಿತೆಂದು ಹೆದರಿದೆನಾದರೂ, ಜ್ವರವಾಗಲಿ ಕೀವಾಗಲಿ ವಾಸನೆಯಾಗಲಿ ಇರಲಿಲ್ಲ. ಚರ್ಮದಡಿಯ ಖಾಲಿ ಜಾಗದಲ್ಲಿ ಹೀಗೆ ದ್ರವ ಸೇರುವುದು ಸಾಮಾನ್ಯವೆಂದೂ ಓಡಾಟ ತಗ್ಗಿಸಬೇಕೆಂದೂ ವೈದ್ಯರು ಹೇಳಿದರು. ಅಂದಿನಿಂದ ಮೂತ್ರಕ್ಕೂ ಹಗ್ಗ ಹಿಡಿದೇ ಕರೆದೊಯ್ದೆ, ಮೆಟ್ಟಿಲು ಹತ್ತಲು ಬಿಡಲಿಲ್ಲ, ರಾತ್ರಿ ಅವಳ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದೆ. ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಕೋನ್ ಗೋಡೆಗೆ ಬಡಿಯುತ್ತಿದ್ದರೂ ಅದನ್ನು ಬಿಚ್ಚಲಿಲ್ಲ, ಏಕೆಂದರೆ ಹೊಲಿಗೆ ಕಿತ್ತುಕೊಳ್ಳಲು ನಾಯಿಗೆ ಒಂದು ನಿಮಿಷ ಸಾಕು. ನೋವಿಗೆ ತೂಕ ನೋಡಿ ಬರೆದುಕೊಟ್ಟ ಮೆಲಾಕ್ಸಿಕಾಮ್ ಅನ್ನು ಊಟದ ಜೊತೆಗೆ ಮಾತ್ರ ಕೊಟ್ಟೆ. ನೆರೆಯವರೊಬ್ಬರು ಕಾಳಜಿಯಿಂದಲೇ ಮನುಷ್ಯರ ನೋವಿನ ಮಾತ್ರೆ ಐಬುಪ್ರೊಫೆನ್ ಕೊಡಲು ಹೇಳಿದ್ದರು. ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದರು. ಅದೇ ವಾರ ವರದಿಯೂ ಬಂತು: ಕಾರ್ಸಿನೋಮಾ, ಅಂದರೆ ಕ್ಯಾನ್ಸರೇ, ಆದರೆ ಕಡಿಮೆ ಉಗ್ರವಾದ ಮೊದಲ ದರ್ಜೆಯದು; ಕೊಯ್ದ ಅಂಚುಗಳಲ್ಲಿಯೂ ಗ್ರಂಥಿಯಲ್ಲಿಯೂ ರೋಗವಿಲ್ಲ. ಕೀಮೋ ಬೇಕಾಗಲಿಲ್ಲ. ಮೂರು ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇ ಮಾಡಿಸುತ್ತಾ ಈಗ ಒಂದೂವರೆ ವರ್ಷವಾಗಿದೆ. ಪ್ರತಿ ಭಾನುವಾರ ಅವಳನ್ನು ಅಂಗಾತ ಮಲಗಿಸಿ ಉಳಿದ ಎಂಟು ಮೊಲೆಗಳನ್ನು ಒಂದೊಂದಾಗಿ ಬೆರಳಾಡಿಸಿ ನೋಡುತ್ತೇನೆ. ಕೆಂಪಿ ಅದನ್ನು ಮುದ್ದೆಂದೇ ತಿಳಿದು ಕಣ್ಣು ಮುಚ್ಚಿಕೊಳ್ಳುತ್ತಾಳೆ.