ಅರ್ಜಿ ತುಂಬದೆ ಬಿಟ್ಟ ವರ್ಷ

ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಎಲ್ಲ ಪ್ರಶ್ನೆಗಳಿಗೂ ಉತ್ತರ ಹುಡುಕುತ್ತಾರೆ, ಒಂದನ್ನು ಬಿಟ್ಟು: ಈ ಸಲ ಅರ್ಜಿ ಹಾಕಬೇಕೋ ಬೇಡವೋ? ಅಧಿಸೂಚನೆ ಬಂತು, ಹಾಕಿದೆವು, ಮುಗೀತು. ಕೆಎಎಸ್, ಪಿಡಿಒ, ಎಫ್‌ಡಿಎ, ಎಸ್‌ಡಿಎ ಎಂದು ನಾನೂ ವರ್ಷಗಟ್ಟಲೆ ಹಾಗೆಯೇ ತುಂಬುತ್ತ ಬಂದವನು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಎಂ.ಎ. ಮಾಡಿದ್ದೆ. ಪರೀಕ್ಷೆಗೆಂದು ಓದಿದ ಆ ಅರ್ಥಶಾಸ್ತ್ರದ ಒಂದು ಮೂಲೆಯೇ ನನ್ನನ್ನು ಪರೀಕ್ಷೆಯಿಂದ ಎಬ್ಬಿಸಿ ಕಳಿಸಿತು. ಈಗ ಆಳಂದ ತಾಲ್ಲೂಕಿನ ನಮ್ಮೂರಲ್ಲಿ ತೊಗರಿ ಬೇಳೆ ಮಾಡಿಸಿ ಮಾರುತ್ತೇನೆ.

'ಅಷ್ಟು ಧೈರ್ಯ ಎಲ್ಲಿಂದ ಬಂತೋ ಮಾರಾಯ' ಎಂದು ಹಳೇ ರೂಮ್‌ಮೇಟುಗಳು ಕೇಳುತ್ತಾರೆ. ನನಗಿಂತ ಧೈರ್ಯವಂತರು ಇನ್ನೂ ಅದೇ ರೂಮುಗಳಲ್ಲಿದ್ದಾರೆ. ನಾನು ಮಾಡಿದ್ದು ಲೆಕ್ಕ ಶುರುವಾಗುವ ಗೆರೆಯನ್ನು ಸರಿಸಿದ್ದು, ಅಷ್ಟೇ.

ಡೇನಿಯಲ್ ಕಾನೆಮನ್, ಅಮೋಸ್ ಟ್ವರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಬರೆದ ಪ್ರಬಂಧದ ತಿರುಳು ಇದು: ಮನುಷ್ಯ ತನ್ನ ಹತ್ತಿರ ಒಟ್ಟು ಎಷ್ಟಿದೆ ಎಂದು ನೋಡುವುದಿಲ್ಲ. ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಂಡು, ಅದಕ್ಕಿಂತ ಮೇಲಿದ್ದೇನೋ ಕೆಳಗಿದ್ದೇನೋ ಎಂದು ನೋಡುತ್ತಾನೆ. ಗೆರೆಯ ಮೇಲೆ ಸಿಕ್ಕ ನೂರು ರೂಪಾಯಿಯ ಖುಷಿಗಿಂತ ಕೆಳಗೆ ಹೋದ ನೂರರ ಸಂಕಟ ದೊಡ್ಡದು. ಎಷ್ಟು ದೊಡ್ಡದು ಎಂದರೆ, ಅವರದೇ 1992ರ ಲೆಕ್ಕದಲ್ಲಿ ಸುಮಾರು ಎರಡೂಕಾಲು ಪಟ್ಟು. ಈ ಕೆಲಸಕ್ಕೆ ಕಾನೆಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವರ್ಸ್ಕಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಇದನ್ನು ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ನನಗೆ ತಿಳಿದದ್ದು ಗಂಜಿನಲ್ಲಿ, ಅಂದರೆ ನಮ್ಮ ಧಾನ್ಯದ ಪೇಟೆಯಲ್ಲಿ. 2022–23ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 6,600 ರೂಪಾಯಿ ಇತ್ತು. 2024ರಲ್ಲಿ ಪೇಟೆಯ ಬೆಲೆ ಹತ್ತು ಸಾವಿರ ದಾಟಿತು. ಅದರ ಮುಂದಿನ ರಾಶಿ ಬರುವ ಹೊತ್ತಿಗೆ ಬೆಂಬಲ ಬೆಲೆ 7,550. ಎರಡು ವರ್ಷದ ಹಿಂದಿನದಕ್ಕಿಂತ ಇದು 950 ರೂಪಾಯಿ ಹೆಚ್ಚೇ. ಆದರೆ ಚೀಲ ಇಳಿಸುವ ರೈತರ ಮುಖದಲ್ಲಿ ಕಳೆ ಇರಲಿಲ್ಲ. ಹತ್ತು ಸಾವಿರ ಕಂಡವರ ಗೆರೆ ಅಲ್ಲೇ ನಿಂತಿತ್ತು, ಅದರ ಕೆಳಗಿನದೆಲ್ಲ ಲುಕ್ಸಾನು.

ನಮ್ಮ ಭಾಗದ ಮನೆಗಳಲ್ಲಿ ಗಂಡುಹುಡುಗನ ಮಟ್ಟಿಗೆ ಆ ಗೆರೆ ಸರ್ಕಾರಿ ನೌಕರಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಇಲ್ಲಿನ ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ ಮೀಸಲಾಯಿತು, ಅದರಿಂದ ಎಷ್ಟೋ ಮನೆಗಳು ನೆಟ್ಟಗೆ ನಿಂತವು. ಅದನ್ನು ಹಗುರ ಮಾಡಿ ಮಾತಾಡಲಾರೆ. ಆದರೆ ಅದೇ ಕಾರಣಕ್ಕೆ ಗೆರೆ ಇನ್ನೂ ಗಟ್ಟಿಯಾಯಿತು. ನೌಕರಿ ಸಿಗದ ಹುಡುಗನನ್ನು ಊರು ನೋಡುವ ರೀತಿ ಹೇಗಿರುತ್ತದೆಂದರೆ, ಅವನ ಕೈಯಲ್ಲಿದ್ದ ನೌಕರಿಯೇ ಬಿದ್ದುಹೋದಂತೆ. ಹೆಣ್ಣು ಕೊಡುವವರಂತೂ ಹೊಲ ಎಷ್ಟಿದೆ ಎಂದು ಕೇಳುವ ಮೊದಲು 'ನೌಕರಿ ಏನದ?' ಎನ್ನುತ್ತಾರೆ. (ಹೊಲ ಎಷ್ಟಿದೆ ಎಂದು ಆಮೇಲೆ ಕೇಳಿಯೇ ಕೇಳುತ್ತಾರೆ, ಆ ಮಾತು ಬೇರೆ.)

ಆದ್ದರಿಂದ ಮೊದಲ ಕೆಲಸ, ಒಂದು ಹಾಳೆಯ ಮೇಲೆ ಇವತ್ತಿನ ದಿನ ನನ್ನ ಹತ್ತಿರ ನಿಜವಾಗಿ ಏನಿದೆ ಎಂದು ಬರೆದದ್ದು. ಸಂಬಳ ಇಲ್ಲ. ರೂಮಿನ ಬಾಡಿಗೆ ಅಪ್ಪನದು. ಎಂ.ಎ. ಇದೆ. ತಲೆಯ ಮೇಲೆ ಸಾಲ ಇಲ್ಲ. ಊರಲ್ಲಿ ಒಣಬೇಸಾಯದ ನಾಲ್ಕು ಎಕರೆ, ಅದರಲ್ಲಿ ತೊಗರಿ. ಗೆರೆ ಇಲ್ಲಿ ಎಳೆದೆ. ಇಲ್ಲಿಂದ ನೋಡಿದರೆ ತಿಂಗಳಿಗೆ ಎಂಟು ಸಾವಿರ ತರುವ ಕೆಲಸವೂ ಗಳಿಕೆ. ಎಫ್‌ಡಿಎ ಕುರ್ಚಿಯಿಂದ ನೋಡಿದರೆ ಅದೇ ಎಂಟು ಸಾವಿರ ಮಾನಹಾನಿ.

ಎರಡನೆಯದು, ನನ್ನ ಆತ್ಮವಿಶ್ವಾಸವನ್ನು ಪಕ್ಕಕ್ಕಿಟ್ಟು ಹೊರಗಿನವರ ಲೆಕ್ಕ ತೆಗೆದದ್ದು. 'ನಾನು ಈ ಸಲ ಚೆನ್ನಾಗಿ ಓದಿದ್ದೇನೆ' ಎಂಬುದು ಒಳಗಿನ ಮಾತು, ರೀಡಿಂಗ್ ರೂಮಿನಲ್ಲಿ ಪ್ರತಿಯೊಬ್ಬನೂ ಅದನ್ನೇ ಹೇಳುತ್ತಾನೆ. 2024ರ ಕೆಎಎಸ್ ಅಧಿಸೂಚನೆಯಲ್ಲಿ 384 ಹುದ್ದೆಗಳಿದ್ದವು, ಅರ್ಜಿ ಎರಡು ಲಕ್ಷ ದಾಟಿದ್ದವು. ಇದರ ಮೇಲೆ ಹೆಚ್ಚು ಹೇಳಬೇಕಾದ್ದಿಲ್ಲ.

ಆದರೆ ಲೆಕ್ಕ ಗೊತ್ತಾದ ಮಾತ್ರಕ್ಕೆ ಯಾರೂ ಏಳುವುದಿಲ್ಲ. ಕಾಲು ಹಿಡಿದು ಕೂರಿಸುವುದು ಕಳೆದ ವರ್ಷಗಳು. ಇಷ್ಟು ಓದಿ ಈಗ ಬಿಟ್ಟರೆ ಅದೆಲ್ಲ ನೀರಲ್ಲಿ ಹೋಮ ಎಂಬ ಭಯ. ಬಿಟ್ಟರೂ ಕೂತರೂ ಆ ವರ್ಷಗಳು ವಾಪಸು ಬರುವುದಿಲ್ಲ, ಹಾಗಾಗಿ ಮುಂದಿನ ವರ್ಷದ ತೀರ್ಮಾನದಲ್ಲಿ ಅವಕ್ಕೆ ಜಾಗ ಇರಬಾರದು ಎಂದು ಅರ್ಥಶಾಸ್ತ್ರ ಹೇಳುತ್ತದೆ. ಮನಸ್ಸು ಕೇಳಬೇಕಲ್ಲ. ಅದಕ್ಕೆ ಉಪಾಯವೆಂದು ನನ್ನ ನೋಟ್ಸ್ ಮತ್ತು ಪುಸ್ತಕಗಳನ್ನು ಮಾರಲು ಹೊರಟೆ. ಒಬ್ಬ ಜೂನಿಯರ್ ಬಂದು ಎಲ್ಲ ತಿರುವಿ ನೋಡಿ ಸಾವಿರದ ಐನೂರು ಕೊಡುತ್ತೇನೆ ಎಂದ. ನಾನು ನಾಲ್ಕು ಸಾವಿರ ಹೇಳಿದ್ದೆ. ನನಗೆ ಆ ಹಸಿರು ಇಂಕಿನ ಅಡಿಗೆರೆಗಳಲ್ಲಿ ರಾತ್ರಿಗಳು ಕಾಣುತ್ತಿದ್ದವು, ಅವನಿಗೆ ಕಂಡದ್ದು ಹಳೇ ಸಿಲೆಬಸ್ಸು. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾನೆಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ ಮೂವರೂ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಬೇಕಾದರೆ ಅದನ್ನು ಮಗ್ ಸಿಗದ ಉಳಿದರ್ಧಕ್ಕೆ ಮಾರಬಹುದು ಎಂದಿದ್ದರು. ಕೈಯಲ್ಲಿ ಮಗ್ ಇದ್ದವರು ಕೇಳಿದ ಬೆಲೆ, ಇಲ್ಲದವರು ಕೊಡಲು ಒಪ್ಪಿದ ಬೆಲೆಯ ಎರಡು ಪಟ್ಟಿಗೂ ಹೆಚ್ಚಿತ್ತು. ನನ್ನ ನೋಟ್ಸಿನದೂ ಅದೇ ಕಥೆ. ಸಾವಿರದ ಐನೂರಕ್ಕೆ ಕೊಟ್ಟೆ. ನೋಟ್ಸ್ ಹೋದ ಮೇಲೆ ವಾಪಸ್ ಕೂರುವುದು ಕಷ್ಟವಾಯಿತು, ನನಗೆ ಬೇಕಾದದ್ದೂ ಅದೇ.

ಜೊತೆಗೆ ಅರ್ಜಿಯ ನಿಯಮವನ್ನು ತಿರುಗಿಸಿದೆ. ಅಲ್ಲಿಯವರೆಗೆ ಬೇಡ ಎನ್ನಲು ಕಾರಣ ಬೇಕಾಗಿತ್ತು. ಇನ್ನು ಮೇಲೆ ಹಾಕಬೇಕಾದರೆ ಮೂರು ಕಾರಣ ಬರೆಯಬೇಕು, ಅದರಲ್ಲಿ 'ಎಲ್ಲರೂ ಹಾಕ್ಯಾರ' ಎಂಬುದು ಇರಬಾರದು. ಮುಂದಿನ ಅಧಿಸೂಚನೆಗೆ ನನಗೆ ಒಂದೂವರೆ ಕಾರಣ ಸಿಕ್ಕಿತು.

ಈ ಹಂತದಲ್ಲಿ ಬಿಡಲೋ ಬೇಡವೋ ಎಂಬುದು ಸಮಸಮ ಬಂದು ನಿಂತಿತ್ತು. ಇಂಥ ಹೊತ್ತಿಗೇ ಶಿಕಾಗೋದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಅವರ ನಾಣ್ಯದ ಪ್ರಯೋಗ ಉಪಯೋಗಕ್ಕೆ ಬಂತು. ಕೆಲಸ ಬಿಡಲೇ, ಸಂಬಂಧ ಮುರಿಯಲೇ ಎಂದು ತೀರ್ಮಾನಿಸಲಾರದೆ ಕೂತ ಜನ ಆನ್‌ಲೈನಿನಲ್ಲಿ ಬಂದು ನಾಣ್ಯ ಚಿಮ್ಮಿದರು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ. 'ಬದಲಾಯಿಸು' ಎಂದು ಬಿದ್ದವರಲ್ಲಿ ಬದಲಾಯಿಸಿದವರು ಹೆಚ್ಚು. ದೊಡ್ಡ ತೀರ್ಮಾನಗಳಲ್ಲಿ ಹಾಗೆ ಬದಲಾಯಿಸಿದವರು ಆರು ತಿಂಗಳ ಮೇಲೆ, ಇದ್ದಲ್ಲೇ ಇದ್ದವರಿಗಿಂತ ಹೆಚ್ಚು ಸಂತೋಷವಾಗಿದ್ದೇವೆ ಎಂದರು. 2021ರಲ್ಲಿ ಇದು ಪ್ರಕಟವಾಯಿತು. ಇದನ್ನು ಓದಿ 'ಎಲ್ಲ ಬಿಟ್ಟು ಹೊರಡಿ' ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಬಂದವರು ಮೊದಲೇ ಇಬ್ಬಂದಿಯಲ್ಲಿದ್ದವರು, ಸಂತೋಷದ ಅಳತೆಯೂ ಅವರೇ ಹೇಳಿಕೊಂಡದ್ದು. ಅದರಿಂದ ನಾನು ತೆಗೆದುಕೊಂಡದ್ದು ಇಷ್ಟು: ನಾಣ್ಯಕ್ಕೆ ಬಿಟ್ಟುಕೊಡಲು ನೀನು ತಯಾರಿದ್ದರೆ ನಿನ್ನ ಲೆಕ್ಕ ನಿಜಕ್ಕೂ ಸಮಸಮ ಇದೆ. ಸಮಸಮ ಇದ್ದಾಗಲೂ ನಾವು ಇದ್ದಲ್ಲೇ ಇರುವ ಕಡೆಗೆ ವಾಲುತ್ತೇವೆ, ಆದ್ದರಿಂದ ಆ ಕಡೆ ಒಂಚೂರು ಕಡಿಮೆ ತೂಕ ಕೊಡು. ನಾಣ್ಯ ಮೇಲೆ ಹಾರಿದಾಗ ಮನಸ್ಸು ಏನು ಬಯಸುತ್ತದೋ ಗೊತ್ತಾಗಿಬಿಡುತ್ತದೆ ಎನ್ನುತ್ತಾರಲ್ಲ, ನಾನು ಎರಡು ರೂಪಾಯಿಯದನ್ನು ಹಾರಿಸಿ ನೋಡಿದೆ. ನನಗೇನೂ ಗೊತ್ತಾಗಲಿಲ್ಲ.

ಊರಿಗೆ ಬಂದು ಬೇಳೆಯ ಮಾತು ತೆಗೆದಾಗ ಮನೆಯಲ್ಲಿ ಒಂದು ಸಭೆ ಮಾಡಿದೆ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞ 2007ರಲ್ಲಿ ಬರೆದ ಒಂದು ಪದ್ಧತಿ ಇದೆ: ಕೆಲಸ ಶುರುವಾಗುವ ಮೊದಲೇ ಅದು ಕೆಟ್ಟುಹೋಗಿದೆ ಎಂದು ಹಿಡಿದುಕೊಂಡು, ಯಾಕೆ ಕೆಟ್ಟಿತು ಎಂದು ಪ್ರತಿಯೊಬ್ಬರೂ ಹೇಳುವುದು. ಊಟ ಆದ ಮೇಲೆ ಕೂಡಿಸಿ ಕೇಳಿದೆ: 'ವರ್ಷ ಆಗ್ಯದ, ನಮ್ಮ ಬ್ಯಾಳಿ ಧಂದೆ ಮುಚ್ಯಾದ. ಯಾಕ ಮುಚ್ಚಿತು ಹೇಳ್ರಿ.'

ಅವ್ವ ಕೈಯಲ್ಲಿದ್ದ ಎಲೆ-ಅಡಿಕೆ ಕೆಳಗಿಟ್ಟಳು. 'ಹೊಸಾ ಕೆಲಸಕ್ಕ ಕೈ ಹಚ್ಚೋ ಮುಂದ ಇದೆಂಥ ಅಪಶಕುನದ ಮಾತೋ? ಬಾಯಾಗಿಂದು ಹತ್ತತದ.'

ಕ್ಲೈನ್ ಇದಕ್ಕೆ ಉತ್ತರ ಬರೆದಿರಲಿಲ್ಲ. ನಾನೇ ಪ್ರಶ್ನೆ ಬದಲಿಸಿದೆ: 'ನಮ್ದಲ್ಲವ್ವ. ಬ್ಯಾರೆ ಊರಾಗ ನನ್ನಂಥವನೇ ಒಬ್ಬ ಶುರು ಮಾಡಿದ್ದ, ವರ್ಷದಾಗ ಮುಚ್ಚಿದ. ಅವ ಯಾಕ ಮುಚ್ಚಿದ?'

ಬಾಯಿ ಬಿಚ್ಚಿದವು. ಅಕ್ಕನ ಗಂಡ ಮಾಮಾ ಗಂಜಿನಲ್ಲಿ ಅಡತ್ತಿ ಅಂಗಡಿಯ ಲೆಕ್ಕ ಬರೆಯುವವರು, ಒಂದೇ ಮಾತಲ್ಲಿ ಹೇಳಿದರು: 'ಉದ್ರಿ. ಬೀಗರಿಗಿ ಉದ್ರಿ ಕೊಟ್ಟಾನ, ಕೇಳ್ಲಿಕ್ಕ ನಾಚ್ಯಾನ.' ಅವ್ವನೇ ಮುಂದುವರಿಸಿದಳು: 'ಬ್ಯಾಳಿ ಸರಿ ಒಣಗಿಲ್ಲ. ಮೋಡ ಇದ್ದಾಗ ಚೀಲಕ್ಕ ತುಂಬ್ಯಾನ, ಹುಳ ಬಿದ್ದಾವ.' ಅಕ್ಕ ಅಂದಳು, 'ಒಬ್ಬನೇ ಎಲ್ಲಾ ಮಾಡ್ಲಾಕ ಹೋಗ್ಯಾನ, ಯಾರ ಮಾತೂ ಕೇಳಿಲ್ಲ.' ನನ್ನ ಕಡೆ ನೋಡದೆಯೇ ಅಂದಳು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: 'ತುಟ್ಟಿ ಇದ್ದಾಗ ತೊಗರಿ ಕೊಂಡಾನ. ನಾಳಿ ಇನ್ನಾ ಏರ್ತದ ಅಂತ ಇಟಗೊಂಡು ಕುಂತಾನ.'

ನನ್ನ ಎಂ.ಎ. ಇಷ್ಟು ಚೊಕ್ಕ ವ್ಯಾಪಾರದ ಪಾಠ ಹೇಳಿಕೊಟ್ಟಿರಲಿಲ್ಲ. ಪ್ರತಿ ಮಾತಿಗೂ ಒಂದು ಕಟ್ಟಲೆ ಮಾಡಿಕೊಂಡೆವು. ಬೇಳೆ ಮಾಡುವಾಗ ತೊಗರಿಯ ಸಿಪ್ಪೆಗೆ ಗೀರು ಹಾಕಿಸಿ, ಎಣ್ಣೆ ಹಚ್ಚಿ, ರಾತ್ರಿ ಗುಡ್ಡೆ ಮಾಡಿಟ್ಟು, ಬಿಸಿಲಿಗೆ ಹರವಬೇಕು. ಬಿಸಿಲೇ ಅರ್ಧ ಕೆಲಸ. ಹಾಗಾಗಿ ರಾಶಿಯಿಂದ ಮೇ ಮುಗಿಯುವತನಕ ಮಾತ್ರ ಕೆಲಸ, ಮಳೆಗಾಲದಲ್ಲಿ ಬಂದ್. ಒಣಗಿದೆಯೋ ಇಲ್ಲವೋ ಎಂಬ ಕೊನೆಯ ಮಾತು ಅವ್ವನದು. ಅವಳು ಕಾಳು ಹಲ್ಲಲ್ಲಿ ಕಡಿದು 'ಕಟ್' ಎಂದರೆ ಸರಿ, ಮೆತ್ತಗೆ ಒತ್ತಿದರೆ ಮತ್ತೆ ಹರವು. ಕೊಳ್ಳುವುದು ವಾರಕ್ಕೆ ಒಡೆಸುವಷ್ಟೇ ತೊಗರಿ. ಏನಾದರೂ ಉಳಿಸಿಕೊಳ್ಳಬೇಕು ಅನಿಸಿದರೆ ಒಂದೇ ಪ್ರಶ್ನೆ: ಇದೇ ರೊಕ್ಕ ಕೈಯಲ್ಲಿದ್ದರೆ ಇವತ್ತಿನ ರೇಟಿಗೆ ಈ ಮಾಲು ಕೊಳ್ಳುತ್ತಿದ್ದೆನೇ? ಇಲ್ಲವಾದರೆ ಇಂದೇ ಮಾರು. ಉದ್ರಿ ವಹಿ ಅಕ್ಕನ ಕೈಗೆ. ಯಾರಾದರೂ ಕೇಳಿದರೆ 'ಅಕ್ಕನ್ನ ಕೇಳ್ರಿ' ಎನ್ನುತ್ತೇನೆ. ಅಕ್ಕನನ್ನು ಕೇಳುವ ಧೈರ್ಯ ನಮ್ಮ ಬಳಗದಲ್ಲಿ ಯಾರಿಗೂ ಇಲ್ಲ.

ಮೊದಲ ಹಂಗಾಮಿನಲ್ಲಿ ಯಂತ್ರ ತರಲಿಲ್ಲ. ಬೇರೆಯವರ ಮಿಲ್ಲಿನಲ್ಲಿ ಕೂಲಿ ಕೊಟ್ಟು ಒಡೆಸಿ, ಕಿಲೋ ಪಾಕೀಟು ಮಾಡಿ ಮಾರಿದೆ. ಹೋದರೆ ಇಷ್ಟು ಹೋಗಲಿ ಎಂದು ಅರವತ್ತು ಸಾವಿರಕ್ಕೆ ಒಂದು ಮಿತಿ ಹಾಕಿ, ಅಷ್ಟು ಲುಕ್ಸಾನಾದ ದಿನ ನಿಲ್ಲಿಸುತ್ತೇನೆ ಎಂದು ಬರೆದು ಸಹಿ ಮಾಡಿ ಚೀಟಿಯನ್ನು ಮಾಮಾ ಕೈಗೆ ಕೊಟ್ಟೆ. ತಲೆ ತಣ್ಣಗಿದ್ದಾಗಿನ ನಾನು, ತಲೆ ಬಿಸಿಯಾದಾಗಿನ ನನಗೆ ಕೊಟ್ಟ ಆದೇಶ ಅದು. ಲುಕ್ಸಾನಿಗೆ ತಳ ಇದೆ ಎಂದಾದ ಮೇಲೆ ರಾತ್ರಿ ನಿದ್ದೆ ಬರತೊಡಗಿತು.

ಲೆಕ್ಕ ನೋಡುವುದು ಅಮಾವಾಸ್ಯೆಗೆ ಒಮ್ಮೆ, ಅಂಗಡಿ ಪೂಜೆ ಆದ ಮೇಲೆ. ಗಂಜಿನ ರೇಟು ದಿನಾ ವಾಟ್ಸ್ಆ್ಯಪಿಗೆ ಬರುತ್ತದೆ, ದಿನಾ ನೋಡಿದವನಿಗೆ ದಿನಾ ಒಂದು ನೋವು. ಶ್ಲೋಮೊ ಬೆನಾರ್ಟ್ಸಿ ಮತ್ತು ಥೇಲರ್ 1995ರಲ್ಲಿ ಷೇರುಪೇಟೆಯ ಬಗ್ಗೆ ಇದನ್ನೇ ಹೇಳಿದ್ದರು: ಎಷ್ಟು ಸಲ ತೆರೆದು ನೋಡುತ್ತೀರೋ ಅಷ್ಟು ಸಲ ನಷ್ಟ ಕಣ್ಣಿಗೆ ಬೀಳುತ್ತದೆ, ಅಷ್ಟು ಅಂಜುತ್ತೀರಿ. ನಮ್ಮ ಸೇಠಜಿಗಳು ಅಮಾವಾಸ್ಯೆಯ ಪದ್ಧತಿಯನ್ನು ಯಾವ ಕಾರಣಕ್ಕೆ ಇಟ್ಟುಕೊಂಡಿದ್ದಾರೋ, ಕೆಲಸಕ್ಕಂತೂ ಬರುತ್ತದೆ.

ಎರಡನೇ ಹಂಗಾಮಿಗೆ ಸಣ್ಣ ಯಂತ್ರ ತಂದೆವು, ಸಣ್ಣ ಆಹಾರ ಸಂಸ್ಕರಣೆ ಘಟಕಗಳಿಗೆ ನೆರವು ಕೊಡುವ ಪಿಎಂಎಫ್‌ಎಂಇ ಯೋಜನೆಯಲ್ಲಿ. ಯೋಜನೆಯ ಶೇ. 35, ಅದರ ಮೇಲೆ ರಾಜ್ಯದ ಹೆಚ್ಚುವರಿ ಶೇ. 15 ಸೇರಿ ಅರ್ಧದಷ್ಟು ಸಹಾಯಧನ ಇತ್ತು, ಗರಿಷ್ಠ 15 ಲಕ್ಷ. ಇಲ್ಲೊಂದು ಎಚ್ಚರಿಕೆ. ಅರ್ಧ ಸರ್ಕಾರದ ರೊಕ್ಕ ಎಂದ ಕೂಡಲೇ ಬೇಕಾದದ್ದಕ್ಕಿಂತ ದೊಡ್ಡ ಯಂತ್ರ ನೋಡುತ್ತೇವೆ, ಏಕೆಂದರೆ ಬಿಟ್ಟಿ ಬಂದ ರೊಕ್ಕಕ್ಕೆ ಮನಸ್ಸು ಬೇರೆ ಜೇಬು ಇಡುತ್ತದೆ. ಉಳಿದರ್ಧದ ಕಂತು ಮಾತ್ರ ನಮ್ಮ ಜೇಬಿನಿಂದಲೇ. ಸಹಾಯಧನ ಇಲ್ಲದಿದ್ದರೂ ಕೊಳ್ಳುತ್ತಿದ್ದ ಯಂತ್ರವನ್ನೇ ಕೊಂಡೆ.

ಎಫ್‌ಡಿಎ ಸಂಬಳದಷ್ಟು ಇನ್ನೂ ಗಳಿಸುತ್ತಿಲ್ಲ. ಹೆಣ್ಣಿನ ಕಡೆಯವರಿಗೆ ಮಾಮಾ ನನ್ನನ್ನು 'ಮಿಲ್ ಮಾಲಕರು' ಎಂದು ಪರಿಚಯಿಸುತ್ತಾರೆ, ಅವರು ಯಂತ್ರದ ಗಾತ್ರ ನೋಡಿ ಚಹಾ ಕುಡಿದು ಹೋಗುತ್ತಾರೆ.

ರೂಮಿನ ಹುಡುಗರು ಫೋನ್ ಮಾಡಿ 'ಅಣ್ಣ, ನಾನೂ ಬಿಡ್ಲೇನು?' ಎಂದು ಕೇಳುತ್ತಾರೆ. ಮನೆ ಸಾಲದ ಮೇಲಿದೆಯೇ, ತಂಗಿಯ ಫೀಜು ನೀನು ಟ್ಯೂಷನ್ ಹೇಳಿ ಕಟ್ಟುತ್ತೀಯೇ ಎಂದು ಮೊದಲು ಕೇಳುತ್ತೇನೆ. ಹೌದು ಎಂದವನಿಗೆ ನಾಣ್ಯ, ಗೆರೆ ಯಾವುದನ್ನೂ ಹೇಳುವುದಿಲ್ಲ. ಅಂಥ ಮನೆಯಲ್ಲಿ ಅರವತ್ತು ಸಾವಿರ ಹೋದರೆ ಆಗುವ ಭಯ ಮನಸ್ಸಿನ ಓರೆ ಅಲ್ಲ, ಸರಿಯಾದ ಲೆಕ್ಕ. ನನ್ನ ಬೆನ್ನಿಗೆ ನಾಲ್ಕು ಎಕರೆ ಇತ್ತು, ಸಾಲ ಇರಲಿಲ್ಲ, ಮಾಮಾಗೆ ಗಂಜು ಗೊತ್ತಿತ್ತು. ಅವನಿಗೆ ಹೇಳುವುದು ಒಂದೇ: ಓದುತ್ತಲೇ ಎಲ್ಲಾದರೂ ಅರ್ಧ ದಿನದ ಕೆಲಸ ಹಿಡಿ, ಆರು ತಿಂಗಳ ಖರ್ಚು ಕೂಡಿಸು, ಆಮೇಲೆ ಫೋನ್ ಮಾಡು.

ಈ ವರ್ಷ ಮನೆಯಲ್ಲಿ ನಡೆದಿರುವುದು ಸಾರ್ಟೆಕ್ಸಿನ ಚರ್ಚೆ, ಬಣ್ಣ ನೋಡಿ ಕೆಟ್ಟ ಕಾಳು ಆರಿಸುವ ಯಂತ್ರ. ಅಕ್ಕ ತರೋಣ ಎನ್ನುತ್ತಾಳೆ, ಮಾಮಾ ಬೇಡ ಎನ್ನುತ್ತಾರೆ. ಸದ್ಯ ಕಲಬುರಗಿಯಲ್ಲೇ ಬಾಡಿಗೆ ಕೊಟ್ಟು ಹೊಡೆಸುತ್ತಿದ್ದೇವೆ. ಬೇರೆ ಊರಿನವನೊಬ್ಬ ಸಾರ್ಟೆಕ್ಸ್ ತಂದು ಹೇಗೆ ಮುಳುಗಿದ ಎಂದು ಅಪ್ಪ ಆಗಲೇ ಹೇಳಲು ಶುರು ಮಾಡಿದ್ದಾನೆ.