ಮರುದಿನ ಬೆಳಗ್ಗೆ, ಎರಡು ವರ್ಷ ಎಂಟು ತಿಂಗಳ ಮೇಲೆ

ನಮ್ಮ ಚಿತ್ರದ ಮೊದಲ ಭಾಗದ ಕೊನೆಗೆ ನಾಯಕನಾದ ಗುಮಾಸ್ತ ಮದುವೆಯ ಬಟ್ಟೆಯಲ್ಲೇ ಗದ್ದೆಯ ಕೆಸರಿಗೆ ಬೀಳುತ್ತಾನೆ. ಎರಡನೇ ಭಾಗ ಶುರುವಾಗುವುದು ಮರುದಿನ ಬೆಳಗ್ಗೆ, ಅದೇ ಬದುವಿನ ಮೇಲೆ. ಕಥೆಯಲ್ಲಿ ನಡುವೆ ಇರುವುದು ಒಂದೇ ರಾತ್ರಿ. ಅವನು ಬಿದ್ದದ್ದನ್ನು ನಾವು ಶೂಟ್ ಮಾಡಿದ್ದು 2021ರ ಸೆಪ್ಟೆಂಬರಿನಲ್ಲಿ, ಎದ್ದದ್ದನ್ನು 2024ರ ಮೇ ತಿಂಗಳಲ್ಲಿ.

ಗಂಗಾವತಿ ಸುತ್ತಮುತ್ತಲಿನ ಹತ್ತಾರು ಜನ ಸೇರಿ, ಕೈಯಿಂದ ದುಡ್ಡು ಹಾಕಿ ಮಾಡಿದ ನಗೆಚಿತ್ರ ಅದು. ಎರಡೂ ಭಾಗಕ್ಕೆ ಕಂಟಿನ್ಯೂಟಿ ಮತ್ತು ಪ್ರಾಪರ್ಟಿ, ಅಂದರೆ ದೃಶ್ಯದಲ್ಲಿ ಬಳಸುವ ಸಾಮಾನು, ನೋಡಿಕೊಂಡವಳು ನಾನು. ಒಂದು ಶಾಟ್‌ನಲ್ಲಿ ಅರ್ಧ ಕುಡಿದ ಚಹಾ ಮುಂದಿನ ಶಾಟ್‌ನಲ್ಲಿ ತುಂಬಿರಬಾರದು, ಅದನ್ನು ಕಾಯುವುದು ನನ್ನ ಕೆಲಸ. ನಗೆಚಿತ್ರದಲ್ಲಿ ಇದು ಇನ್ನೂ ಬಿಗಿ. ಅಳುವ ದೃಶ್ಯದಲ್ಲಿ ಜನ ಮುಖ ನೋಡುತ್ತಾರೆ, ನಗುವ ದೃಶ್ಯದಲ್ಲಿ ವಸ್ತು ನೋಡುತ್ತಾರೆ.

ಮೊದಲ ತಲೆನೋವು ಹಸಿರಿನದು. ಸೆಪ್ಟೆಂಬರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎಲ್ಲಿ ನೋಡಿದರೂ ಭತ್ತ. 2023ರಲ್ಲಿ ಮಳೆ ಕೈಕೊಟ್ಟು ಬರ ಬಿದ್ದಿತ್ತು, ಮೇ ತಿಂಗಳಿಗೆ ಅದೇ ಗದ್ದೆ ಬಿರುಕು ಬಿಟ್ಟು ಮಲಗಿತ್ತು. ಆಗ ಆನೆಗೊಂದಿ ಕಡೆ ಹೊರಟೆವು. ಅಲ್ಲಿನ ಬಾಳೆತೋಟಗಳಿಗೆ ನೀರುಣಿಸುವುದು ವಿಜಯನಗರದ ಅರಸರ ಕಾಲದ ಕಾಲುವೆಗಳು, ಇವತ್ತಿಗೂ ಹರಿಯುತ್ತವೆ. ತೋಟದ ಅಂಚಿಗೆ ಒಂದು ಸಣ್ಣ ಮಡಿಯಲ್ಲಿ ಭತ್ತದ ಸಸಿ ಹಾಕಿಸಿದೆವು. ನಾಯಕ ಕೆಸರಿನಿಂದ ತಲೆ ಎತ್ತುವಾಗ ಕಾಣುವುದು ಆ ಮಡಿಯಷ್ಟೇ, ಹಿಂದೆ ಮಸುಕಾಗಿ ಕಾಣುವ ಹಸಿರೆಲ್ಲ ಬಾಳೆ. ಬಿಸಿಲು ಏರಿದರೆ ಬೆಳಗಿನ ಬೆಳಕು ಸಿಗುವುದಿಲ್ಲ, ಕೆಸರೂ ಮೈಮೇಲೆ ಒಣಗಿ ಉದುರುತ್ತದೆ. ಹಾಗಾಗಿ ದಿನಾ ಆರಕ್ಕೆ ಶುರು, ಎಂಟೂವರೆಗೆ ಬಂದ್.

ಮೊದಲ ಭಾಗದಲ್ಲಿ ಹನ್ನೊಂದು ವರ್ಷದ ಪೋರನಾಗಿದ್ದ ಹುಡುಗನಿಗೆ ಮೀಸೆ ಚಿಗುರಿತ್ತು, ದನಿ ಒಡೆದಿತ್ತು. ಅವನ ತಮ್ಮನಿಗೆ ಅದೇ ನೀಲಿ ಅಂಗಿ ತೊಡಿಸಿ ಬೆನ್ನ ಕಡೆಯಿಂದ ತೆಗೆದೆವು.

ನಾನು ಹೇಳಬೇಕೆಂದಿರುವುದು ಆಕಳ ಗೊಂಬೆಯ ಕಥೆ. ಅತ್ತೆ ಜೋಪಾನವಾಗಿಟ್ಟ, ಕೊಪ್ಪಳದ ಹತ್ತಿರದ ಕಿನ್ನಾಳ ಊರಿನ ಮರದ ಆಕಳು ನಮ್ಮ ಗುಮಾಸ್ತನ ಕೈಯಲ್ಲಿ ಕಿವಿ ಮುರಿದುಕೊಳ್ಳುತ್ತದೆ, ಅವನು ಹೋಳಿಗೆಯ ಹೂರಣ ಮೆತ್ತಿ ಕಿವಿ ಅಂಟಿಸುತ್ತಾನೆ, ಅತ್ತೆ ಬಂದಾಗಲೆಲ್ಲ ಅದು ಉದುರುತ್ತದೆ. ಎರಡನೇ ಭಾಗದ ಅರ್ಧ ನಗು ನಿಂತಿರುವುದು ಆ ಕಿವಿಯ ಮೇಲೆ. ಮೂಲ ಗೊಂಬೆ ಮನೆ ಬದಲಿಸುವಾಗ ಕಳೆದುಹೋಗಿತ್ತು.

ಮೊಬೈಲಿನಲ್ಲಿ ಮೊದಲ ಭಾಗದ ಒಂದು ಫ್ರೇಮ್ ಇಟ್ಟುಕೊಂಡು ಕಿನ್ನಾಳಕ್ಕೆ ಹೋದೆ. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಭಾಗ ಭಾಗವಾಗಿ ಕೆತ್ತಿ, ಕಿಟ್ಟದಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ್ದೇ ಕಿಟ್ಟ. ನಾನು ಕೂತಿದ್ದ ಮನೆಯಲ್ಲಿ ಹಿರಿಯರೊಬ್ಬರು ಅದನ್ನು ಹೆಬ್ಬೆರಳಿನಿಂದ ಒಂದು ಕೊರಳಿಗೆ ಒತ್ತುತ್ತಿದ್ದರು, ರೊಟ್ಟಿಯ ಅಂಚು ಕೂಡಿಸಿದ ಹಾಗೆ.

“ಕಾಕಾ, ನಾಕು ಆಕಳ ಬೇಕ್ರಿ. ಮೂರರದು ಎಡಗಿವಿ ಮುರಿದಿರಬೇಕು,” ಅಂದೆ.

ಅವರ ಹೆಬ್ಬೆರಳು ನಿಂತಿತು. “ಮಾಡಿ ಕೊಡ್ತೀನವ್ವಾ. ಮುರಿಯಾಕ ನನ್ನ ಕೈಲಿ ಆಗಂಗಿಲ್ಲ, ಅದನ್ನ ನೀನs ಮಾಡ್ಕೊ.”

ಆಮೇಲೆ ಮೊಬೈಲ್ ಇಸಿದುಕೊಂಡು, ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಈ ತಮ್ಮ ಎಡಗೈಲೆ ಹೋಳಿಗಿ ತಿಂತಾನೇನವ್ವಾ?”

ನನ್ನ ಎದೆ ಧಸಕ್ಕೆಂದಿತು. ನಮ್ಮ ನಟ ಎಡಚನಲ್ಲ. ಎಡಚನಾಗಿದ್ದರೂ ಮದುವೆ ಮನೆಯ ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣಲು ಯಾರು ಬಿಡುತ್ತಾರೆ? ಫ್ರೇಮ್ ಹಿಗ್ಗಿಸಿ ನೋಡಿದರೆ ಅಂಗಿಯ ಜೇಬೂ ಬಲಕ್ಕಿತ್ತು. ಎಡಿಟಿಂಗ್‌ನಲ್ಲಿ ಆ ಶಾಟನ್ನು ಕನ್ನಡಿಯಂತೆ ಎಡಬಲ ತಿರುಗಿಸಿದ್ದರು. ಅಳಿಯ ಅತ್ತೆಯ ಕಡೆ ನೋಡಬೇಕಾದ ದಿಕ್ಕು ಶೂಟಿಂಗ್‌ನಲ್ಲಿ ತಪ್ಪಿದ್ದಕ್ಕೆ ಮಾಡಿದ ಉಪಾಯ ಅದು. ಹಿಂದೆ ಬೋರ್ಡು, ಅಕ್ಷರ ಏನೂ ಇಲ್ಲದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ನಿಜವಾಗಿ ಮುರಿದದ್ದು ಬಲಗಿವಿ, ಉಳಿದ ಎಲ್ಲ ಶಾಟ್‌ಗಳಲ್ಲೂ ಬಲಗಿವಿಯೇ. ಎಲ್ಲಕ್ಕಿಂತ ಸ್ಪಷ್ಟವಾಗಿದೆ ಅಂತ ನಾನು ಆರಿಸಿಕೊಂಡ ಒಂದೇ ಫ್ರೇಮ್ ತಿರುಗಿಸಿದ್ದಾಗಿತ್ತು. ಅವರು ಕೇಳದೇ ಹೋಗಿದ್ದರೆ ಮೂರು ಗೊಂಬೆಗಳ ತಪ್ಪು ಕಿವಿ ಮುರಿದು ಸೆಟ್ಟಿಗೆ ಒಯ್ಯುತ್ತಿದ್ದೆ. ಅಂದಿನಿಂದ ಯಾವ ಫ್ರೇಮ್ ನೋಡಿದರೂ ಮೊದಲು ಜೇಬು, ಆಮೇಲೆ ಉಣ್ಣುವ ಕೈ, ಆಮೇಲೆ ಉಳಿದದ್ದು.

ಕಿವಿ ಮುರಿಯುವುದೂ ಸಲೀಸಾಗಿರಲಿಲ್ಲ. ಮೊದಲನೆಯದನ್ನು ಕೈಯಿಂದ ಒತ್ತಿದೆ, ಕಿಟ್ಟ ಜಗ್ಗಲಿಲ್ಲ, ಕೊಂಬೇ ಕಿತ್ತುಬಂತು. ಎರಡನೆಯದಕ್ಕೆ ಬ್ಲೇಡಿನಿಂದ ಕೂಡಿಸಿದ ಜಾಗದಲ್ಲಿ ಗೀರು ಹಾಕಿ ಮುರಿದೆ. ಸೀಳಿನಲ್ಲಿ ಹೊಸ ಮರ ಬೆಳ್ಳಗೆ ಹೊಳೆಯಿತು, ಅದಕ್ಕೆ ತಣಿದ ಚಹಾ ಹಚ್ಚಿ ಹಳೆಯದು ಮಾಡಿದೆ. ಹೂರಣ ಮಾತ್ರ ನಿಜವಾದದ್ದೇ, ಕಡಲೆಬೇಳೆ ಬೆಲ್ಲದ್ದು. ಅಂಟು ಹಚ್ಚಿದರೆ ಕಿವಿ ಬೀಳುವ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ. ಹೂರಣ ತುಸು ಗಟ್ಟಿಯಾಗಿದ್ದರೆ ಎಣಿಸಿ ಐದಕ್ಕೆ ಬೀಳುತ್ತದೆ, ತೆಳ್ಳಗಿದ್ದರೆ ಎರಡಕ್ಕೇ. ಐದಕ್ಕೆ ಬೀಳುವ ಹದ ಸಿಗುವಷ್ಟರಲ್ಲಿ ಹದಿನಾಲ್ಕು ಟೇಕ್ ಆಗಿದ್ದವು.

ಉಳಿದ ಹರಿಗೋಲಿನ ದೃಶ್ಯವನ್ನು ಆಗಸ್ಟಿಗೆ ಇಟ್ಟುಕೊಂಡಿದ್ದೆವು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಯಿತು, ನದಿಗೆ ಇಳಿಯುವ ಮಾತೇ ಇರಲಿಲ್ಲ. ಆ ದೃಶ್ಯವನ್ನು ಬಿಟ್ಟೇಬಿಟ್ಟೆವು. ನನಗೆ ಈಗಲೂ ಅದು ಕೊರತೆಯಾಗಿಯೇ ಕಾಣುತ್ತದೆ.

ಎಡಿಟಿಂಗ್‌ಗೆ ಕೂತಾಗ ಮೊದಲ ಭಾಗ ತೋರಿಸಿದ ರಾತ್ರಿ ನೆನಪಾಯಿತು. ಅಕ್ಕಿ ಗಿರಣಿಯ ಅಂಗಳದಲ್ಲಿ ಜನ ನಕ್ಕ ಸದ್ದಿಗೆ ಅತ್ತೆಯ ಮುಂದಿನ ಮಾತು ಯಾರಿಗೂ ಕೇಳಿಸಿರಲಿಲ್ಲ. ಈ ಸಲ ಕಿವಿ ಬಿದ್ದ ಮೇಲೆ 36 ಫ್ರೇಮ್ ಸುಮ್ಮನೆ ಬಿಟ್ಟೆವು, ಸೆಕೆಂಡಿಗೆ 24ರ ಲೆಕ್ಕದಲ್ಲಿ ಒಂದೂವರೆ ಸೆಕೆಂಡು. ಎಡಿಟಿಂಗ್ ಕೋಣೆಯಲ್ಲಿ ಅದು ಸತ್ತ ಜಾಗದಂತೆ ಕಂಡಿತು. ಅದೇ ಅಂಗಳದಲ್ಲಿ ಎರಡನೇ ಭಾಗ ಹಾಕಿದಾಗ ಆ ಒಂದೂವರೆ ಸೆಕೆಂಡೂ ಸಾಲಲಿಲ್ಲ.

ನಾಲ್ಕನೇ ಆಕಳು ಕಿವಿ ಕೊಂಬು ಎಲ್ಲ ಸರಿಯಾಗಿದ್ದು ನಮ್ಮ ಮನೆಯ ಗೂಡಿನಲ್ಲಿದೆ. ಮೂರನೇ ಭಾಗದ ಮಾತು ನಡೆದಿದೆ. ಆಕಳಿನ ನಾಲ್ಕೂ ಕಡೆಯ ಫೋಟೊ ತೆಗೆದಿಟ್ಟಿದ್ದೇನೆ, ಪ್ರತಿ ಫೋಟೊದಲ್ಲೂ ಪಕ್ಕದಲ್ಲಿ ನನ್ನ ಬಲಗೈ ಇದೆ, ಹೋಳಿಗೆಯ ತುಂಡು ಹಿಡಿದು.