ಚಿಕ್ಕಮ್ಮನ ಫೋನಿನಲ್ಲಿ ತೆರೆಯಬೇಕು: ನನ್ನ ಬ್ಲಾಗಿಗೆ ಹಾಕಿದ ಪ್ಲಗಿನ್‌ಗಳು, ಕಿತ್ತು ಹಾಕಿದ ಪ್ಲಗಿನ್‌ಗಳು

ಹಾಸನದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಕರಪತ್ರ, ಜಾತ್ರೆಯ ಆಹ್ವಾನ ಪತ್ರಿಕೆ, ಇವೇ ಕೆಲಸ. ಭಾನುವಾರ ಮಾತ್ರ ಬೈಕ್ ಹತ್ತಿ ಹೊಯ್ಸಳರ ಗುಡಿ ನೋಡಲು ಹೋಗುತ್ತೇನೆ. ಬೇಲೂರು, ಹಳೇಬೀಡಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುವುದು ಮೊಸಳೆ, ಕೋರವಂಗಲ, ದೊಡ್ಡಗದ್ದವಳ್ಳಿ, ಹಾರನಹಳ್ಳಿ, ನುಗ್ಗೇಹಳ್ಳಿ ಥರದ ಊರುಗಳ ಬಗ್ಗೆ. ಅದಕ್ಕೇ ಒಂದು ಬ್ಲಾಗ್ ಇಟ್ಟುಕೊಂಡಿದ್ದೇನೆ. ಅದು ನಡೆಯುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ. ಅದಕ್ಕೆ ಬೇಕಾದ ಸೌಲಭ್ಯ ಸೇರಿಸಲು ಹಾಕುವ ಸಣ್ಣ ತಂತ್ರಾಂಶಗಳೇ ಪ್ಲಗಿನ್. ಒಂದು ಕಾಲಕ್ಕೆ ನನ್ನ ಬ್ಲಾಗಿನಲ್ಲಿ 19 ಪ್ಲಗಿನ್ ಇದ್ದವು. ಈಗ ಉಳಿದಿರುವುದು 4.

ಇಳಿಸಲು ಕಾರಣ ಅರಕಲಗೂಡಿನ ನಮ್ಮ ಚಿಕ್ಕಮ್ಮ. ನಾನು ಏನು ಬರೆದರೂ ಮೊದಲು ಓದುವವರು ಅವರು. ಅವರದು ಹಳೇ ಫೋನು, ಮಳೆ ಬಂದರೆ ನೆಟ್‌ವರ್ಕ್ ಒಂದು ಕಡ್ಡಿ. ಒಂದಿನ ಫೋನ್ ಮಾಡಿದರು. "ಲೋ ಮಗಾ, ನಿನ್ ಬರಹ ಒತ್ತಿದ್ರೆ ಚಕ್ರ ಸುತ್ತುತ್ತಾ ಕೂತ್ಕೊತದೆ ಕಣೋ. ಒಂದು ಲೋಟ ಕಾಫಿ ಕುಡಿದು ಬಂದ್ರೂ ಅಲ್ಲೇ ಐತೆ." ನನ್ನ ಅಂಗಡಿಯ ಕಂಪ್ಯೂಟರ್‌ನಲ್ಲಿ ಎಲ್ಲ ಚೆನ್ನಾಗೇ ಕಾಣುತ್ತಿತ್ತು. ಫೈಬರ್ ಇರುವ ಕಡೆ ಕೂತು ನೋಡಿದರೆ ಎಲ್ಲರ ಬ್ಲಾಗೂ ಚೆನ್ನಾಗಿರುತ್ತದೆ, ಅಲ್ವಾ? ಅವತ್ತಿನಿಂದ ಯಾವ ಹೊಸ ಪ್ಲಗಿನ್ ಹಾಕಿದರೂ ಚಿಕ್ಕಮ್ಮನ ಫೋನಿನಲ್ಲಿ ತೆರೆಸಿ ನೋಡುತ್ತೇನೆ. ಅಲ್ಲಿ ನಿಧಾನ ಆದರೆ ಕಿತ್ತು ಹಾಕುತ್ತೇನೆ.

ಮೊದಲು ಹಿಡಿದದ್ದು ಫೋಟೋಗಳನ್ನು. ನನ್ನ ಕ್ಯಾಮೆರಾದ ಒಂದೊಂದು ಫೋಟೋ 7-8 ಎಂಬಿ ಇರುತ್ತದೆ. ಒಂದು ಗುಡಿಯ ಬರಹಕ್ಕೆ 20 ಫೋಟೋ ಹಾಕಿದರೆ ಲೆಕ್ಕ ನೀವೇ ಹಾಕಿ. ವರ್ಡ್‌ಪ್ರೆಸ್ 2019ರ 5.3 ಆವೃತ್ತಿಯಿಂದ ದೊಡ್ಡ ಫೋಟೋಗಳನ್ನು ತಾನೇ 2560 ಪಿಕ್ಸೆಲ್‌ಗೆ ಇಳಿಸಿಕೊಳ್ಳುತ್ತದೆ. ಫೋನಿನಲ್ಲಿ ಓದುವವರಿಗೆ ಅದೂ ಜಾಸ್ತಿಯೇ. ಫೋಟೋ ಕುಗ್ಗಿಸುವ ಪ್ಲಗಿನ್ ಒಂದನ್ನು ಹಾಕಿದೆ. ಎಲ್ಲ ಫೋಟೋಗಳನ್ನೂ ಅದೇ ಕುಗ್ಗಿಸಿತು. ಒಂದು ವಾರ ಖುಷಿಯಾಗಿದ್ದೆ. ಆಮೇಲೆ ದೊಡ್ಡಗದ್ದವಳ್ಳಿಯ ಫೋಟೋ ತೆಗೆದು ನೋಡಿದರೆ ಹೊಟ್ಟೆ ಉರಿದುಹೋಯಿತು.

ಹೊಯ್ಸಳರು ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಕೊರಳ ಸರದ ಒಂದೊಂದು ಮಣಿಯನ್ನೂ ಬಿಡಿಬಿಡಿಯಾಗಿ ಕೆತ್ತಲು ಅವರಿಗೆ ಸಾಧ್ಯವಾಯಿತು. ಕಲ್ಲಿನ ಬಣ್ಣ ಹಸಿರು ಬೆರೆತ ಬೂದಿ, ನೆರಳಿನಲ್ಲಂತೂ ಕಪ್ಪು. ಕುಗ್ಗಿಸುವ ತಂತ್ರಾಂಶ ಮೊದಲು ಕೈ ಹಾಕುವುದೇ ಇಂಥ ಜಾಗಕ್ಕೆ. ಅಕ್ಕಪಕ್ಕದ ಬಣ್ಣ ಹೆಚ್ಚು ಕಡಿಮೆ ಒಂದೇ ಇದೆ ಎಂದು ಎಲ್ಲವನ್ನೂ ಸವರಿ ಒಂದು ಮಾಡಿಬಿಡುತ್ತದೆ. ನಮ್ಮ ಮಣಿಸರ ರಾಗಿ ಅಂಬಲಿ ಥರ ಆಗಿತ್ತು.

ಈಗ ಫೋಟೋಗೆ ಪ್ಲಗಿನ್ ಇಲ್ಲ. ಸ್ಕ್ವೂಶ್ ಎಂಬ ಪುಟವನ್ನು ಬ್ರೌಸರ್‌ನಲ್ಲಿ ತೆರೆಯುತ್ತೇನೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ನಡುವೆ ಒಂದು ಗೀಟು ಇರುತ್ತದೆ, ಎಡಕ್ಕೆ ಮೂಲ ಫೋಟೋ, ಬಲಕ್ಕೆ ಕುಗ್ಗಿದ್ದು. ಗೀಟನ್ನು ಮಣಿಸರದ ಮೇಲೆ ಎಳೆದು ನಿಲ್ಲಿಸಿ ಗುಣಮಟ್ಟದ ಅಂಕಿಯನ್ನು ಇಳಿಸುತ್ತಾ ಹೋಗುತ್ತೇನೆ. ಅಗಲ 1600 ಪಿಕ್ಸೆಲ್, ಫೈಲಿನ ನಮೂನೆ ಕಡಿಮೆ ಜಾಗ ಹಿಡಿಯುವ ವೆಬ್‌ಪಿ. ಗುಡಿಯ ಹೊರನೋಟಕ್ಕೆ ಗುಣಮಟ್ಟ 65 ಸಾಕು. ಶಿಲ್ಪದ ಹತ್ತಿರದ ಫೋಟೋಗೆ 80ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಹೀಗೆ ಮಾಡಿದರೆ ಒಂದು ಫೋಟೋ 200-300 ಕೆಬಿಯಲ್ಲಿ ನಿಲ್ಲುತ್ತದೆ. 20 ಫೋಟೋಗೆ ಅರ್ಧ ಗಂಟೆ ಬೇಕು. ಬೇಸರದ ಕೆಲಸವೇ. ಆದರೆ ಯಾವ ಫೋಟೋ ಬೇಡ ಎಂದು ಗೊತ್ತಾಗುವುದೂ ಆಗಲೇ. 20 ಇದ್ದದ್ದು 11ಕ್ಕೆ ಇಳಿಯುತ್ತದೆ.

ಫೋಟೋ ಒತ್ತಿದರೆ ದೊಡ್ಡದಾಗಿ ಕಾಣಲು ಇನ್ನೊಂದು ಪ್ಲಗಿನ್ ಇತ್ತು. 2023ರ ನವೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.4ರಲ್ಲಿ ಆ ಸೌಲಭ್ಯ ಒಳಗೇ ಸೇರಿತು. ಪ್ಲಗಿನ್ ತೆಗೆದೆ. ಫೋಟೋಗಳನ್ನು ಬೇಕಾದಾಗ ಮಾತ್ರ ಇಳಿಸಿಕೊಳ್ಳುವ ಪ್ಲಗಿನ್ನಿನ ಕೆಲಸವೂ 2020ರಿಂದಲೇ ಒಳಗಿತ್ತು. ನಾನು ಗಮನಿಸಿರಲಿಲ್ಲ, ಸುಮ್ನೆ ಎರಡೆರಡು ಓಡುತ್ತಿದ್ದವು.

ಇನ್ನು ಅಕ್ಷರ. ನನ್ನ ಹಳೇ ಬರಹಗಳೆಲ್ಲ ಅಂಗಡಿಯ ಅಭ್ಯಾಸದಂತೆ ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಇದ್ದವು. ಆ ಫಾಂಟು ಇಲ್ಲದ ಕಡೆ ಅದು ಕನ್ನಡವಾಗಿ ಕಾಣುವುದಿಲ್ಲ. ಬ್ಲಾಗಿಗೆ ಎಲ್ಲ ಫೋನಿಗೂ ಅರ್ಥವಾಗುವ ಯೂನಿಕೋಡ್ ಬೇಕು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಆದರೆ ಕಣ್ಣು ಮುಚ್ಚಿ ನಂಬಬೇಡಿ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ಅದೇ ರಕಾರ ಮೊದಲು ಬರಬೇಕು. ಪರಿವರ್ತಕಕ್ಕೆ ಇದು ತಿಳಿಯದಿದ್ದರೆ ಕರ್ನಾಟಕ ಹೋಗಿ 'ಕನಾರ್ಟಕ' ಆಗುತ್ತದೆ, ಸೂರ್ಯ 'ಸೂಯರ್' ಆಗುತ್ತಾನೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಎಂದುಕೊಂಡು ತಿರುಚಿಬಿಡುತ್ತದೆ. ನಾನು ಮೂರು ಪರಿವರ್ತಕ ನೋಡಿ, ಅರ್ಕಾವತ್ತು ಸರಿ ಮಾಡುವ ಒಂದನ್ನು ಇಟ್ಟುಕೊಂಡೆ. ಇಂಗ್ಲಿಷ್ ಪದಗಳನ್ನು ಕೈಯಲ್ಲೇ ತಿದ್ದಿದೆ.

ಫಾಂಟಿಗೆ ಅಂತಲೇ ಒಂದು ಪ್ಲಗಿನ್ ಇತ್ತು. ನಾಲ್ಕು ಚಂದದ ಕನ್ನಡ ಫಾಂಟು ಹಾಕಿದ್ದೆ. ಅಂಗಡಿ ಬುದ್ಧಿ, ಕಾರ್ಡಿಗೆ ಹಾಕಿದ ಹಾಗೆ. ಪ್ರತಿಯೊಂದನ್ನೂ ಓದುಗರ ಫೋನು ಇಳಿಸಿಕೊಳ್ಳಬೇಕಿತ್ತು. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರ ಮೊದಲೇ ಇರುತ್ತದೆ. ಹಾಗಾಗಿ ಬರಹಕ್ಕೆ ಫೋನಿನ ಅಕ್ಷರವನ್ನೇ ಇಟ್ಟೆ, ತಲೆಬರಹಕ್ಕೆ ಮಾತ್ರ ನೋಟೋ ಸೆರಿಫ್ ಕನ್ನಡ ಎಂಬ ಫಾಂಟು. ವರ್ಡ್‌ಪ್ರೆಸ್ 6.5ರಿಂದ ಫಾಂಟು ಸೇರಿಸಲು ಪ್ಲಗಿನ್ ಬೇಕಿಲ್ಲ.

ಫಾಂಟಿಗಿಂತ ಜಾಸ್ತಿ ಫಲ ಕೊಟ್ಟದ್ದು ಸಾಲುಗಳ ನಡುವಿನ ಜಾಗ. ಬ್ಲಾಗಿನ ವಿನ್ಯಾಸ, ಅಂದರೆ ಥೀಮ್ ಮಾಡುವವರು ಇಂಗ್ಲಿಷ್ ಇಟ್ಟುಕೊಂಡು ಅಳತೆ ಮಾಡಿರುತ್ತಾರೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. 'ರಾಷ್ಟ್ರಕೂಟ' ಎಂದು ಬರೆದರೆ ಎರಡು ಒತ್ತು ಕೆಳಗಿನ ಸಾಲಿನವರ ತಲೆ ಮೇಲೆ ಕೂರುತ್ತವೆ. ಸಾಲಿನ ಎತ್ತರವನ್ನು 1.5 ಇದ್ದದ್ದು 1.8 ಮಾಡಿದೆ. ಒಂದೇ ಅಂಕಿ. "ಈಗ ಕನ್ನಡಕ ಇಲ್ದೇನೂ ಓದ್ಬೋದು" ಎಂದರು ಚಿಕ್ಕಮ್ಮ.

'ಎಷ್ಟು ನಿಮಿಷದ ಓದು' ಎಂದು ತೋರಿಸುವ ಪ್ಲಗಿನ್ ಕಥೆ ಹೇಳಲೇಬೇಕು. ಮೊಸಳೆಯ ಜೋಡಿ ದೇವಾಲಯಗಳ ಬಗ್ಗೆ ಬರೆದ ನನ್ನ ಅತಿ ಉದ್ದದ ಬರಹದ ಮೇಲೆ ಅದು '1 ನಿಮಿಷ' ಎಂದು ತೋರಿಸಿತು. ಇಂಗ್ಲಿಷ್ ಅಕ್ಷರಗಳ ಸಾಲನ್ನು ಮಾತ್ರ ಪದ ಎಂದು ಎಣಿಸುವ ಪ್ಲಗಿನ್ ಅದು. ಕನ್ನಡ ಅದರ ಕಣ್ಣಿಗೇ ಬಿದ್ದಿರಲಿಲ್ಲ. ಎಣಿಸಿದ್ದರೂ ಲೆಕ್ಕ ತಪ್ಪುತ್ತಿತ್ತು. 'ದೇವಸ್ಥಾನದಲ್ಲಿದ್ದವರಿಗೂ' ಎಂಬ ಒಂದು ಪದ ಇಂಗ್ಲಿಷ್‌ಗೆ ಹೋದರೆ ಐದಾರು ಪದ ಆಗುತ್ತದೆ. ಗೂಗಲ್ ಹುಡುಕಾಟದಲ್ಲಿ ಬರಹ ಮೇಲೆ ಬರಲಿ ಎಂದು ಹಾಕುವ ಎಸ್‌ಇಒ ಪ್ಲಗಿನ್ ಬರಹಕ್ಕೆ ಅಂಕ ಕೊಡುವ ಕೆಂಪು ಹಸಿರು ದೀಪಗಳನ್ನೂ ಇದೇ ಕಾರಣಕ್ಕೆ ಆರಿಸಿಟ್ಟೆ. ಹಸಿರು ದೀಪ ಬರಲಿ ಎಂದು ಎರಡು ತಿಂಗಳು ವಾಕ್ಯಗಳನ್ನು ಕತ್ತರಿಸಿದ್ದೆ, ನೆನೆಸಿಕೊಂಡರೆ ನಗು ಬರುತ್ತದೆ. ಆ ಪ್ಲಗಿನ್ ಇನ್ನೂ ಇದೆ, ಬೇರೆ ಕಾರಣಕ್ಕೆ. ವಾಟ್ಸ್ಆ್ಯಪ್‌ನಲ್ಲಿ ಕೊಂಡಿ ಕಳಿಸಿದಾಗ ತಲೆಬರಹದ ಜೊತೆ ಫೋಟೋ ಬರುವಂತೆ ಮಾಡುವುದು ಅದೇ. ಹಾಸನದಲ್ಲಿ ಓದು ಹಬ್ಬುವುದು ವಾಟ್ಸ್ಆ್ಯಪ್‌ನಿಂದ. ಹನ್ನೆರಡು ಬಣ್ಣದ ಹಂಚುವ ಬಟನ್‌ಗಳ ಪ್ಲಗಿನ್ ತೆಗೆದು, ಬರಹದ ಕೊನೆಗೆ ವಾಟ್ಸ್ಆ್ಯಪ್‌ನ ಒಂದೇ ಒಂದು ಕೊಂಡಿ ಇಟ್ಟೆ.

ಪುಟದ ವಿಳಾಸದ ವಿಷಯ ಕನ್ನಡದಲ್ಲಿ ಬರೆಯುವವರಿಗೆಲ್ಲ ಗೊತ್ತಿರಬೇಕು. ಕನ್ನಡ ತಲೆಬರಹವೇ ವಿಳಾಸ ಆದರೆ, ಒಳಗೆ ಒಂದೊಂದು ಚಿಹ್ನೆಗೂ ಮೂರು ಬೈಟ್ (ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳುವ ಅಳತೆ). ಒಂದೊಂದು ಬೈಟ್ ಬರೆಯಲು ಶೇಕಡಾ ಗುರುತು ಸೇರಿ ಮೂರು ಅಕ್ಷರ. ಅಂದರೆ ಒಂದು ಕನ್ನಡ ಚಿಹ್ನೆಗೆ ಒಂಬತ್ತು ಅಕ್ಷರ. 'ಹಳೇಬೀಡು' ಎನ್ನಲು ಸ್ವರಚಿಹ್ನೆಗಳೂ ಸೇರಿ 7 ಚಿಹ್ನೆ, ವಿಳಾಸದಲ್ಲಿ 63 ಅಕ್ಷರ. ವಾಟ್ಸ್ಆ್ಯಪ್‌ಗೆ ಅಂಟಿಸಿದರೆ ಮೊಳದುದ್ದದ ಬಾಲ. ವರ್ಡ್‌ಪ್ರೆಸ್ ಈ ಲೆಕ್ಕದಲ್ಲಿ 200 ಅಕ್ಷರಕ್ಕೆ ವಿಳಾಸವನ್ನು ಕತ್ತರಿಸುತ್ತದೆ. 'ದೊಡ್ಡಗದ್ದವಳ್ಳಿ ಲಕ್ಷ್ಮಿ ದೇವಸ್ಥಾನ' ಎಂದು ಕೊಟ್ಟರೆ 'ದೇವಸ್ಥಾನ'ದ ಮೊದಲ ದಕಾರಕ್ಕೇ 200 ಮುಗಿಯುತ್ತದೆ. ಇದಕ್ಕೆ ಪ್ಲಗಿನ್ ಹುಡುಕಬೇಡಿ. ಪ್ರಕಟಿಸುವ ಮೊದಲು ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆದರೆ ಆಯಿತು. ತಲೆಬರಹ ಕನ್ನಡದಲ್ಲೇ ಇರುತ್ತದೆ.

ಜನ ಹುಡುಕುವುದೂ ಹಾಗೇ ಎಂದು ತಿಳಿದದ್ದು ಗೂಗಲ್ ಸರ್ಚ್ ಕನ್ಸೋಲ್‌ನಿಂದ. ಯಾವ ಪದ ಹಾಕಿ ನಮ್ಮ ಪುಟಕ್ಕೆ ಬಂದರು ಎಂದು 16 ತಿಂಗಳ ಲೆಕ್ಕ ಅದು ತೋರಿಸುತ್ತದೆ. ನನ್ನ ಓದುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇಂಗ್ಲಿಷ್ ಅಕ್ಷರದಲ್ಲೇ ಊರಿನ ಹೆಸರು ಒತ್ತಿ ಬಂದಿದ್ದರು. ಕನ್ನಡದಲ್ಲಿ ಒತ್ತಿದವರೂ ಕೆಲವರು 'ಹಳೇಬೀಡು', ಕೆಲವರು 'ಹಳೆಬೀಡು'. ಈಗ ಪ್ರತಿ ಬರಹದಲ್ಲೂ ಎರಡನೇ ರೂಪವನ್ನು ಒಂದು ಕಡೆ ಸೇರಿಸುತ್ತೇನೆ. ಡಿಟಿಪಿಯವನಿಗೆ ಕಾಗುಣಿತ ಬರಲ್ಲ ಎಂದು ಯಾರಾದರೂ ಅಂದುಕೊಂಡರೂ ಪರವಾಗಿಲ್ಲ.

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ಅವತ್ತು ರಾತ್ರಿ ನನ್ನ ಬ್ಲಾಗಿಗೂ ಜನ ನುಗ್ಗಿದರು. ಬ್ಲಾಗ್ ಇಡಲು ಬಾಡಿಗೆಗೆ ಪಡೆಯುವ ಜಾಗವೇ ಹೋಸ್ಟಿಂಗ್, ನಾನು ಕೊಂಡಿದ್ದು ಅಗ್ಗದ್ದು. ಬ್ಲಾಗ್ ಮಲಗಿತು. ಮಾರನೇ ದಿನ ಡಬ್ಲ್ಯುಪಿ ಸೂಪರ್ ಕ್ಯಾಶ್ ಎಂಬ ಪ್ಲಗಿನ್ ಹಾಕಿದೆ. ಪುಟವನ್ನು ಪ್ರತಿ ಸಲ ಹೊಸದಾಗಿ ಕಟ್ಟುವ ಬದಲು, ಒಮ್ಮೆ ಕಟ್ಟಿದ್ದನ್ನೇ ಇಟ್ಟುಕೊಂಡು ಬಂದವರಿಗೆಲ್ಲ ಬಡಿಸುತ್ತದೆ. ಮದುವೆ ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಅನ್ನ ಮಾಡ್ತಾರಾ? ಹಾಗೇ ಇದು.

ಕೊನೆಗೆ ಆ ಹೋಸ್ಟಿಂಗ್ ಬಿಟ್ಟು ಬೇರೆ ಕಡೆ ಹೋದೆ. ಸಾಗಿಸಿದವರು ಬರಹಗಳೆಲ್ಲ ಇರುವ ಡೇಟಾಬೇಸನ್ನು ತಪ್ಪು ನಮೂನೆಯಲ್ಲಿ ಇಳಿಸಿದ್ದರು. ಬ್ಲಾಗ್ ತೆರೆದರೆ ಒಂದಕ್ಷರ ಕನ್ನಡ ಇಲ್ಲ. ತಲೆ ಮೇಲೆ ಗೀಟು ಇರುವ ಇಂಗ್ಲಿಷ್ 'ಎ', ಪಕ್ಕದಲ್ಲಿ ಪುಟಾಣಿ ಎರಡು, ಮತ್ತೆ ಅದೇ, ಮತ್ತೆ ಅದೇ, ಪುಟದ ತುಂಬ. ಕೈಕಾಲು ನಡುಗಿತು. ಕನ್ನಡದ ಬೈಟ್‌ಗಳನ್ನು ಇಂಗ್ಲಿಷಿನವು ಎಂದು ಓದಿದರೆ ಹೀಗೇ ಕಾಣುತ್ತದಂತೆ, ಆಮೇಲೆ ಗೊತ್ತಾಯಿತು. ಉಳಿಸಿದ್ದು ಅಪ್‌ಡ್ರಾಫ್ಟ್‌ಪ್ಲಸ್ ಎಂಬ ಪ್ಲಗಿನ್. ವಾರಕ್ಕೊಮ್ಮೆ ಇಡೀ ಬ್ಲಾಗಿನ ಪ್ರತಿಯನ್ನು ಗೂಗಲ್ ಡ್ರೈವ್‌ಗೆ ಹಾಕಲು ಹೇಳಿಟ್ಟಿದ್ದೆ. ಅದರಿಂದ ಮರಳಿ ಪಡೆದೆ, ನಾಲ್ಕು ದಿನದ ಬರಹ ಮಾತ್ರ ಹೋಯಿತು. ಒಂದೇ ಪ್ಲಗಿನ್ ಹಾಕಿ ಎಂದರೆ ನಾನು ಹೇಳುವುದು ಇದನ್ನೇ. ಪ್ರತಿ ಇದೆ ಎಂದು ಸುಮ್ಮನಿರಬೇಡಿ, ಬೇರೆ ಕಡೆ ಒಮ್ಮೆ ಇಳಿಸಿ, ಕನ್ನಡ ಕನ್ನಡವಾಗೇ ಬರುತ್ತದಾ ನೋಡಿ.

ಉಳಿದ ನಾಲ್ಕು ಪ್ಲಗಿನ್‌ಗಳಲ್ಲಿ ನಾಲ್ಕನೆಯದು ಅಕಿಸ್ಮೆಟ್. ಸಾಲ, ಜೂಜು, ಮಾತ್ರೆ ಮಾರುವವರ ಸಂದೇಶಗಳನ್ನು ಬಾಗಿಲಲ್ಲೇ ತಡೆಯುತ್ತದೆ. ದುಡ್ಡು ಮಾಡದ ಸ್ವಂತ ಬ್ಲಾಗಿಗೆ ಪುಕ್ಕಟೆ. ಅದರ ಬಗ್ಗೆ ಹೇಳಲು ಬೇರೇನೂ ಇಲ್ಲ.

ಪ್ರತಿ ಬರಹಕ್ಕೂ ಅಂಟಿಸಿದ್ದ ಮ್ಯಾಪನ್ನು ತೆಗೆದದ್ದು ಕಷ್ಟದ ನಿರ್ಧಾರ. ಗುಡಿಗೆ ದಾರಿ ತೋರಿಸುವುದೇ ನನ್ನ ಕೆಲಸ. ಆದರೆ ಚಿಕ್ಕಮ್ಮನ ಫೋನಿನಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಬರುತ್ತಿದ್ದದ್ದು ಅದೇ. ಈಗ ಬರಹದಲ್ಲಿ ಒಂದು ಸಾಲಿನ ಕೊಂಡಿ, ಒತ್ತಿದರೆ ಮ್ಯಾಪ್ ಆ್ಯಪ್ ತೆರೆಯುತ್ತದೆ. ಎಲ್ಲ ಗುಡಿಗಳನ್ನೂ ಒಟ್ಟಿಗೆ ನೋಡಬೇಕು ಎನ್ನುವವರಿಗೆ ಯುಮ್ಯಾಪ್‌ನಲ್ಲಿ ಒಂದೇ ದೊಡ್ಡ ನಕ್ಷೆ ಮಾಡಿ ಬೇರೆ ಪುಟದಲ್ಲಿ ಇಟ್ಟಿದ್ದೇನೆ. ಅದು ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಿಂತದ್ದು, ಗುರುತುಗಳಿಗೆ ಕನ್ನಡದಲ್ಲೇ ಹೆಸರು ಕೊಡಬಹುದು.

ಫೋಟೋದ ವಿವರ ಬರೆಯುವ ಖಾನೆಯನ್ನು ಮೊದಲೆಲ್ಲ ಖಾಲಿ ಬಿಡುತ್ತಿದ್ದೆ. ಕಣ್ಣು ಕಾಣದವರಿಗೆ ಫೋನು ಓದಿ ಹೇಳುವುದು ಇದನ್ನೇ ಎಂದು ತಿಳಿದ ಮೇಲೆ ತುಂಬಿಸತೊಡಗಿದೆ. 'ಶಿಲ್ಪ 3' ಎಂದಲ್ಲ, 'ದರ್ಪಣ ಹಿಡಿದ ಹೆಂಗಸು, ಬಲಗೈ ಮುರಿದಿದೆ, ಪಾದದ ಬಳಿ ಕೋತಿ' ಎಂದು. ಕಳೆದ ಆಷಾಢದಲ್ಲಿ ಚಿಕ್ಕಮ್ಮ ಫೋನ್ ಮಾಡಿದಾಗ ಹೊರಗೆ ಜಡಿಮಳೆ. "ಪಟ ಒಂದೂ ಬರ್ಲಿಲ್ಲ ಕಣೋ. ಏನೈತೆ ಅಂತ ಬರ್ದಿದ್ದೆಯಲ್ಲ, ಅದನ್ನೇ ಓದ್ಕೊಂಡೆ" ಎಂದರು.

ಇನ್ನೂ ಸರಿಹೋಗದಿರುವುದು ಬ್ಲಾಗಿನೊಳಗಿನ ಹುಡುಕಾಟ. 'ತೋಟ' ಎಂದು ಕೊಟ್ಟರೆ 'ತೋಟದಲ್ಲಿ' ಸಿಗುತ್ತದೆ. 'ಊರು' ಎಂದು ಕೊಟ್ಟರೆ 'ಊರಿನಲ್ಲಿ' ಸಿಗುವುದಿಲ್ಲ, ಯಾಕೆಂದರೆ ರು ಹೋಗಿ ರಿ ಆಗಿದೆ. ಎರಡು ಪ್ಲಗಿನ್ ಹಾಕಿ ನೋಡಿದೆ, ಎರಡಕ್ಕೂ ನಮ್ಮ ವಿಭಕ್ತಿ ಗೊತ್ತಿರಲಿಲ್ಲ. ಸದ್ಯಕ್ಕೆ ತಾಲ್ಲೂಕುವಾರು ಊರುಗಳ ಪಟ್ಟಿಯನ್ನು ಕೈಯಲ್ಲೇ ಮಾಡುತ್ತಿದ್ದೇನೆ. ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ ಮುಗಿದಿವೆ. ಬೇಲೂರು ತಾಲ್ಲೂಕು ಅರ್ಧ ಆಗಿದೆ.